ಮಂಗನ ಕಾಯಿಲೆಯ ಕೆಲಸ ಮಳೆಗಾಲದಲ್ಲೇ ಶುರು: ಶಿರಸಿ–ಸಿದ್ದಾಪುರ ಸೀಮೆಯ ಪಶುವೈದ್ಯನೊಬ್ಬನ ಅನುಭವ

ನಮ್ಮ ಸೀಮೆಯಲ್ಲಿ ಮಂಗನ ಕಾಯಿಲೆಯ ಮಾತು ಏಳುವುದು ಅಡಿಕೆ ಕೊಯ್ಲಿನ ಹೊತ್ತಿಗೆ. ಡಿಸೆಂಬರ್ ಕೊನೆಗೆ ಎಲ್ಲೋ ಒಂದು ಮಂಗ ಸತ್ತಿತೆಂದು ಪೇಪರಿನಲ್ಲಿ ಬರುತ್ತದೆ. ಜನವರಿಯಲ್ಲಿ ಸಭೆಗಳಾಗುತ್ತವೆ. ಫೆಬ್ರವರಿಯಲ್ಲಿ ಯಾರದೋ ಮನೆಯಲ್ಲಿ ಜ್ವರ. ಜೂನ್‌ನಲ್ಲಿ ನಾಲ್ಕು ಮಳೆ ಬಿದ್ದರೆ ಎಲ್ಲರೂ ಮರೆತರು. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ದನದ ಡಾಕ್ಟರಾಗಿ ತಿರುಗುವ ನನಗೆ ಈ ಲೆಕ್ಕ ತಿರುವುಮುರುವು. ಜನ ಮರೆತ ಮೇಲೆಯೇ, ಮೃಗಶಿರಾ ಮಳೆ ಹಿಡಿದು ಕೊಟ್ಟಿಗೆಯಲ್ಲಿ ಕೆಸರಾದ ಮೇಲೆಯೇ, ನನ್ನ ಪಾಲಿನ ಕೆಲಸ ಶುರುವಾಗುವುದು.

ಕಾರಣ ಉಣುಗಿನ (ದನದ ಮೈಗೆ ಹತ್ತುವ ಉಣ್ಣೆಯ) ಬದುಕಿನಲ್ಲಿದೆ. ಈ ಕಾಯಿಲೆ ಹರಡುವ ಮುಖ್ಯ ಉಣುಗು ಹೀಮಾಫೈಸಾಲಿಸ್ ಸ್ಪೈನಿಜೆರಾ. ಹುಟ್ಟಿ ಸಾಯುವುದರೊಳಗೆ ಅದು ರಕ್ತ ಹೀರುವುದು ಮೂರೇ ಸಲ, ಮೂರು ಸಲವೂ ಬೇರೆ ಬೇರೆ ಪ್ರಾಣಿಯ ಮೈಮೇಲೆ. ಮಳೆಗಾಲ ಮುಗಿಯುತ್ತಿದ್ದಂತೆ ಮೊಟ್ಟೆಯೊಡೆದು ಬಂದ ಮರಿ, ಇಲಿ, ಹೆಗ್ಗಣ, ಹಕ್ಕಿಗಳಂಥ ಸಣ್ಣ ಜೀವಗಳನ್ನು ಹಿಡಿಯುತ್ತದೆ. ಹೊಟ್ಟೆ ತುಂಬಿದ ಮೇಲೆ ಉದುರಿ, ಪೊರೆ ಕಳಚಿ, ನಡುಹಂತದ ಉಣುಗಾಗುತ್ತದೆ. ಪುಸ್ತಕದಲ್ಲಿ ಇದಕ್ಕೆ ನಿಂಫ್ ಎನ್ನುತ್ತಾರೆ. ಕಣ್ಣಿಗೆ ಬಿದ್ದರೂ ಕೊಳೆಯ ಚುಕ್ಕೆ ಎಂದು ಬಿಟ್ಟುಬಿಡುವಷ್ಟು ಚಿಕ್ಕದು. ನವೆಂಬರಿನಿಂದ ಮೇ ತನಕ ಕಾಡಿನ ತರಗೆಲೆಯಲ್ಲಿ ಕಾದು ಕೂತಿರುವುದು ಇದೇ, ಮಂಗನನ್ನೂ ಮನುಷ್ಯನನ್ನೂ ಕಚ್ಚಿ ವೈರಸ್ ದಾಟಿಸುವುದೂ ಇದೇ. ಅದು ಮತ್ತೊಮ್ಮೆ ಉದುರಿ ಬಲಿಯುವ ಹೊತ್ತಿಗೆ ಮಳೆಗಾಲ ಬಂದಿರುತ್ತದೆ, ಆಗ ಅದಕ್ಕೆ ದೊಡ್ಡ ಪ್ರಾಣಿ ಬೇಕು. ಕಾಡೊಳಗೆ ಕಡವೆ, ಕಾಡುಕೋಣ ಸಿಗಬಹುದು. ಊರ ಅಂಚಿನಲ್ಲಿ ಸಿಗುವುದು ನಮ್ಮ ದನ. ದನದ ಕಿವಿಯೊಳಗೆ, ಗಂಗೆದೊಗಲಿನಲ್ಲಿ, ಕೆಚ್ಚಲಿನ ಸಂದಿಯಲ್ಲಿ ರಕ್ತ ಕುಡಿದು ಊದಿಕೊಂಡ ಹೆಣ್ಣು ಉಣುಗು ನೆಲಕ್ಕೆ ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ.

ದನಕ್ಕೆ ಮಂಗನ ಕಾಯಿಲೆ ಬರುವುದಿಲ್ಲ. ದನದಿಂದ ಮನುಷ್ಯನಿಗೆ ನೇರವಾಗಿ ವೈರಸ್ ದಾಟುವುದೂ ಇಲ್ಲ. ಇದನ್ನು ನಾನು ಎಲ್ಲ ಕಡೆಯೂ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಹಾಲಿನ ಡೇರಿಯಲ್ಲಿ ಗುಲ್ಲೇಳುತ್ತದೆ. ಆದರೆ ಬರುವ ಬೇಸಿಗೆಯಲ್ಲಿ ಬೆಟ್ಟದಲ್ಲಿ ಎಷ್ಟು ಉಣುಗು ಇರುತ್ತದೆ ಎಂಬುದು ಈ ಮಳೆಗಾಲದಲ್ಲಿ ದನದ ಮೈಮೇಲೆ ಎಷ್ಟು ಉಣುಗು ಹೊಟ್ಟೆ ತುಂಬಿಸಿಕೊಂಡಿತು ಎಂಬುದರ ಮೇಲೆ ಬಹಳ ಮಟ್ಟಿಗೆ ನಿಂತಿದೆ. ಮಂಗ ಸತ್ತ ಮೇಲೆ ದನಕ್ಕೆ ಔಷಧಿ ಹಾಕಿರೆಂದು ಆದೇಶ ಬರುತ್ತದೆ. ಹಾಕುತ್ತೇವೆ, ಬೇಡ ಎನ್ನುವುದಿಲ್ಲ. ಅಷ್ಟೊತ್ತಿಗೆ ಆ ವರ್ಷದ ಉಣುಗು ದನದ ಮೈ ಬಿಟ್ಟು ತಿಂಗಳುಗಳಾಗಿ, ಅದರ ಮರಿಗಳು ತರಗೆಲೆ ಸೇರಿರುತ್ತವೆ.

ಈ ಕಾಯಿಲೆ ಎಲ್ಲಿಂದಲೋ ಬಂದದ್ದಲ್ಲ, ನಮ್ಮ ಪಕ್ಕದ ಮನೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಹಿಂದೆಯೇ ಜನರಿಗೆ ಜ್ವರ ಬಂದಾಗ ಇದನ್ನು ಗುರುತಿಸಿದರು. ಅದಕ್ಕೇ ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ, ಎಂಬ ಹೆಸರು. 1970ರ ದಶಕದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಗೂ ಕಾಲಿಟ್ಟಿತು. 2018–19ರ ಹಂಗಾಮಿನಲ್ಲಿ ಶರಾವತಿಯ ಆಚೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾಲುಸಾಲಾಗಿ ಜನ ಸತ್ತಾಗ ಈಚೆ ದಡದಲ್ಲಿ ನಮಗೆಲ್ಲ ನಿದ್ದೆ ಹತ್ತಿರಲಿಲ್ಲ. 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲೇ, ಅದರಲ್ಲೂ ಕೊರ್ಲಕೈ ಭಾಗದಲ್ಲಿ, ಕಾಣಿಸಿಕೊಂಡಿತು. ಜ್ವರ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಮದ್ದಿಲ್ಲ. ಆಸ್ಪತ್ರೆಯಲ್ಲಿ ಮೈ ನೀರು ಕಾಪಾಡಿ, ರಕ್ತಸ್ರಾವ ನೋಡಿಕೊಂಡು ದಾಟಿಸಬೇಕು.

ಮನುಷ್ಯರಿಗೆ ಹಾಕುತ್ತಿದ್ದ ಕೆಎಫ್‌ಡಿ ಲಸಿಕೆ ತಯಾರಾಗುತ್ತಿದ್ದದ್ದು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ, ಅಂದರೆ ದನ, ಕುರಿ, ಕೋಳಿಗಳ ಲಸಿಕೆ ಮಾಡುವ ಜಾಗದಲ್ಲಿ. ಪಶುವೈದ್ಯರಿಗೂ ಜನರ ಆರೋಗ್ಯಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತಿದ್ದೆ. 7ರಿಂದ 65 ವರ್ಷದವರಿಗೆ ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್. ನೋವು ಜಾಸ್ತಿ, ರಕ್ಷಣೆ ಕಡಿಮೆ ಎಂದು ಜನ ಎರಡನೇ ಡೋಸಿಗೇ ಬರುತ್ತಿರಲಿಲ್ಲ. 2022ರಲ್ಲಿ ಅದು ನಿಂತೇ ಹೋಯಿತು. ಹೊಸ ಲಸಿಕೆಗೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿ ಕೈಹಾಕಿವೆ. ಅದು ನಮ್ಮ ಊರಿನ ಆಸ್ಪತ್ರೆಯ ಫ್ರಿಜ್ಜಿಗೆ ಬರುವ ತನಕ ಕೈಯಲ್ಲಿರುವುದು ಉಣುಗು, ಕೊಟ್ಟಿಗೆ ಮತ್ತು ಸುದ್ದಿ.

ಕೊಟ್ಟಿಗೆಯ ಕೆಲಸ ಹೇಳುವಷ್ಟು ಸುಲಭವಲ್ಲ. ಡೇರಿಗೆ ಹಾಲು ಹಾಕುವವರ ಜರ್ಸಿ, ಎಚ್‌ಎಫ್ ಮಿಶ್ರತಳಿಗಳು ಕಟ್ಟಿದಲ್ಲೇ ಮೇಯುತ್ತವೆ. ಅವುಗಳ ಯಜಮಾನರು ಮೂಗು ಒಣಗಿದರೂ ಫೋನ್ ಮಾಡುತ್ತಾರೆ. ಉಣುಗು ಹೊತ್ತು ತರುವುದು ಅವಲ್ಲ, ಬೆಳಗಾದರೆ ಬೇಣಕ್ಕೆ (ಹುಲ್ಲುಗಾವಲಿಗೆ), ಅಲ್ಲಿಂದ ಕಾನಿಗೆ (ದಟ್ಟ ಕಾಡಿಗೆ) ನುಗ್ಗಿ ಸಂಜೆ ತಾವಾಗಿ ಮನೆಗೆ ಬರುವ ಮಲೆನಾಡು ಗಿಡ್ಡಗಳು, ನಮ್ಮ ಸಣ್ಣ ಊರ ದನಗಳು. ಗಿಡ್ಡಕ್ಕೆ ಯಾರೂ ಡಾಕ್ಟರನ್ನು ಕರೆಯುವುದಿಲ್ಲ. ಗೊಬ್ಬರಕ್ಕೆಂದು ಸಾಕಿದ ದನ, ಅರ್ಧ ಸೇರು ಹಾಲು, ಅದಕ್ಕೆಂಥ ಖರ್ಚು ಎಂಬ ಲೆಕ್ಕ. ಹಾಗಾಗಿ ಲೆಕ್ಕವನ್ನೇ ಅವರ ಮುಂದಿಟ್ಟೆ. ಶೇ 1ರ ಫ್ಲುಮೆಥ್ರಿನ್ ಬೆನ್ನಿಗೆ ಸುರಿಯುವ ಔಷಧಿ, 10 ಕೆ.ಜಿ. ತೂಕಕ್ಕೆ 1 ಮಿ.ಲೀ. ಬೆಳೆದ ಗಿಡ್ಡದ ಹಸು ನೂರು, ನೂರಿಪ್ಪತ್ತು ಕೆ.ಜಿ. ತೂಗೀತು, ಹನ್ನೆರಡು ಮಿ.ಲೀ. ಸಾಕು. ಅದೇ ಮಿಶ್ರತಳಿಗೆ ಮೂವತ್ತೈದು ಬೇಕು. ಮಿಶ್ರತಳಿಯೊಂದರ ಔಷಧಿಯಲ್ಲಿ ಹೆಚ್ಚೂಕಮ್ಮಿ ಮೂರು ಗಿಡ್ಡ ಮುಗಿಯುತ್ತದೆ ಎಂದಾಗ ಜನ ಒಪ್ಪುತ್ತಾರೆ.

ಮಳೆಗಾಲದಲ್ಲಿ ಸುರಿಯುವುದಕ್ಕೂ ಹೊತ್ತು ನೋಡಬೇಕು. ಬೆಳಿಗ್ಗೆ ಸುರಿದು ದನ ಮೇಯಲು ಬಿಟ್ಟರೆ ಆರಿದ್ರಾ ಮಳೆ ಅದನ್ನು ಎಷ್ಟು ಉಳಿಸೀತು? ಸಂಜೆ ದನ ಬಂದು, ಮೈ ಒರಸಿ, ಒಣಗಿದ ಮೇಲೆ, ಹೆಗಲಿಂದ ಬಾಲದ ಬುಡದವರೆಗೆ ಒಂದೇ ಗೆರೆಯಲ್ಲಿ ಬಿಡಬೇಕು. ಹಾಗಾಗಿ ಜೂನ್, ಜುಲೈನಲ್ಲಿ ನನ್ನ ಕೆಲಸ ಸಂಜೆಯದ್ದು. ಕರೆಂಟಿಲ್ಲದ ಕೊಟ್ಟಿಗೆಯಲ್ಲಿ ತಲೆಗೆ ಟಾರ್ಚ್ ಕಟ್ಟಿಕೊಂಡು. ಐವರ್‌ಮೆಕ್ಟಿನ್ ಇಂಜೆಕ್ಷನ್ ಕೇಳುವವರು ಬಹಳ, ಒಂದು ಚುಚ್ಚಿದರೆ ಮುಗಿಯಿತಲ್ಲ ಎಂದು. ಹಾಲು ಕೊಡುವ ಹಸುವಿಗೆ ಅದನ್ನು ಹಾಕಿದರೆ ವಾರಗಟ್ಟಲೆ ಹಾಲು ಬಳಸುವ ಹಾಗಿಲ್ಲ. ಗಬ್ಬವಿಲ್ಲದ ಪಡ್ಡೆ, ಹೋರಿ, ಬತ್ತಿದ ಹಸುಗಳಿಗೆ ಸರಿ.

ಕೊಟ್ಟಿಗೆಯ ಇನ್ನೊಂದು ರೂಢಿಯೊಂದಿಗೆ ನಾನು ಬಹಳ ಗುದ್ದಾಡಿದ್ದೇನೆ. ಹಾಲು ಕರೆಯುವ ಮೊದಲು ಹಸುವಿನ ಕಿವಿ ಬಿಡಿಸಿ ಉಣುಗು ಹೆಕ್ಕುವುದು ನಮ್ಮ ಹೆಂಗಸರಿಗೆ ಉಸಿರಾಡಿದಷ್ಟೇ ಸಹಜ. ಹೆಕ್ಕಿದ್ದನ್ನು ಹೆಬ್ಬೆರಳ ಉಗುರಿನಡಿ ಒತ್ತಿ ಚಿಟ್ಟನೆ ಒಡೆಯುತ್ತಾರೆ, ಇಲ್ಲವೇ ಮೆಟ್ಟಿಲ ಕಲ್ಲಿನ ಮೇಲಿಟ್ಟು ಜಜ್ಜುತ್ತಾರೆ. ಉಗುರ ಸಂದಿಗೆ ರಕ್ತ, ಅದೇ ಕೈಯಲ್ಲಿ ಕಣ್ಣುಜ್ಜಿಕೊಳ್ಳುವುದು. ಒಡೆಯಬೇಡಿ ಎಂದರೆ ಒಬ್ಬ ಅಜ್ಜಿ ನಕ್ಕು ಕೇಳಿದರು, "ಮತ್ತೆಂತ ಮಾಡ್ಲಿ ಡಾಕ್ಟ್ರೇ, ಪೂಜೆ ಮಾಡ್ಲಾ?" ಗರಟೆಯಲ್ಲಿ ಸ್ವಲ್ಪ ಸೀಮೆಎಣ್ಣೆ ಹಾಕಿ ಗೂಟದ ಪಕ್ಕ ಇಡಿ, ಹೆಕ್ಕಿದ್ದನ್ನು ಅದರೊಳಗೆ ಬಿಡಿ ಎಂದೆ. ಸೀಮೆಎಣ್ಣೆ ಈಗ ಸಿಗುವುದೇ ಕಷ್ಟ, ಬಟ್ಟೆ ಸೋಪಿನ ಗಟ್ಟಿ ನೀರಾದರೂ ಆಗುತ್ತದೆ. ಮುಂದಿನ ಸಲ ಹೋದಾಗ ಅಜ್ಜಿಯ ಕೊಟ್ಟಿಗೆಯ ಕಂಬಕ್ಕೆ ಗರಟೆ ನೇತುಬಿದ್ದಿತ್ತು, ತಳದಲ್ಲಿ ದ್ರಾಕ್ಷಿ ಬೀಜದ ಹಾಗೆ ಉಣುಗು. ಅವರ ಸೊಸೆ ಅದನ್ನು ನೋಡಿ ಅಸಹ್ಯಪಟ್ಟರೂ ಪಕ್ಕದ ನಾಲ್ಕಾರು ಮನೆಗೆ ಅದು ಹಬ್ಬಿತು. ಇಲಾಖೆಯ ಕರಪತ್ರಕ್ಕಿಂತ ಆ ಗರಟೆ ಹೆಚ್ಚು ಕೆಲಸ ಮಾಡಿದೆ.

ದರಕಿನ, ಅಂದರೆ ಬೆಟ್ಟದ ಒಣ ತರಗೆಲೆಯ, ವಿಷಯ ಮಾತ್ರ ಇಷ್ಟು ಸುಲಭಕ್ಕೆ ಬಗೆಹರಿಯಲಿಲ್ಲ, ಇವತ್ತಿಗೂ ಬಗೆಹರಿದಿಲ್ಲ. ಅಡಿಕೆ ತೋಟ ನಿಂತಿರುವುದೇ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ, ಅಂದರೆ ಸೊಪ್ಪಿನ ಬೆಟ್ಟದ, ಬಲದ ಮೇಲೆ. ಜನವರಿಯಿಂದ ಮಾರ್ಚ್ ತನಕ ಬೆಟ್ಟದಲ್ಲಿ ದರಕು ಗುಡಿಸಿ, ಕಲ್ಲಿಯಲ್ಲಿ (ಹಗ್ಗದ ಬಲೆಯಲ್ಲಿ) ತುಂಬಿ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತೇವೆ. ಉಣುಗು ಕಾದು ಕೂತಿರುವ ತಿಂಗಳುಗಳೂ ಇವೇ, ಜಾಗವೂ ಇದೇ. ಬೆಟ್ಟಕ್ಕೆ ಹೋಗಬೇಡಿ ಎಂದು ಮೈಕಿನಲ್ಲಿ ಕೂಗಿಸುವುದು ಸುಲಭ, ಕೂಗಿಸುವವನಿಗೆ ತೋಟವಿಲ್ಲ. ನಾನು ಹೇಳುವುದಿಷ್ಟು: ಮಂಗ ಸತ್ತ ಸುದ್ದಿ ಇರುವ ಬೆಟ್ಟದ ದರಕು ಆ ವರ್ಷ ಬೇಡವೇ ಬೇಡ. ಉಳಿದ ಬೆಟ್ಟಕ್ಕೆ ಹೋಗುವವರು ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ. ದರಕಿನ ರಾಶಿ ಮನೆಯ ಜಗಲಿ ಪಕ್ಕ ಬೇಡ, ದೂರ ಹಾಕಿ. ಬಂದ ತಕ್ಷಣ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಬಚ್ಚಲಲ್ಲಿ ಸೋಪು ಹಚ್ಚಿ ಮಿಂದು, ಮೊಣಕಾಲಿನ ಹಿಂದೆ, ಕಂಕುಳು, ಸೊಂಟದ ಪಟ್ಟಿ ನೋಡಿಕೊಳ್ಳಿ. ಬಚ್ಚಲ ಒಲೆಯ ಬಿಸಿನೀರು ನಮ್ಮಲ್ಲಿ ಹೇಗೂ ಇದ್ದೇ ಇರುತ್ತದೆ, ಅದೊಂದು ಅನುಕೂಲ.

ಇನ್ನು ಸುದ್ದಿಯ ವಿಷಯ. ಮಂಗ ಸತ್ತರೆ ಅದರ ಮೈಯ ಉಣುಗುಗಳು ಹೆಣ ತಣ್ಣಗಾಗುತ್ತಿದ್ದಂತೆ ಇಳಿದು ಸುತ್ತಲೂ ಚದುರುತ್ತವೆ. ಆ ಜಾಗ ವೈರಸ್ ತುಂಬಿದ ಉಣುಗಿನ ಮಡು. ಅಲ್ಲಿಗೆ ಮೊದಲು ನಾವು ಹೋಗಬೇಕು, ದರಕಿಗೆ ಬರುವವರಲ್ಲ. ಹೋಗಬೇಕೆಂದರೆ ಯಾರಾದರೂ ಹೇಳಬೇಕು. ನಮ್ಮ ಜನ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲವೆಂದು ತಿಳಿಯಲು ನನಗೆ ಬಹಳ ಕೊಟ್ಟಿಗೆಗಳ ಚಹಾ ಬೇಕಾಯಿತು. ಮಂಗ, ಕರಿಮೂತಿಯ ಮುಸಿಯಗಳಿಂದ ಅಡಿಕೆ, ಬಾಳೆ, ಏಲಕ್ಕಿ ಕಳೆದುಕೊಂಡ ರೈತ ಅದರ ಮೇಲೆ ಸಿಟ್ಟಿನಲ್ಲಿರುತ್ತಾನೆ. ತನ್ನ ತೋಟದಲ್ಲಿ ಅದು ಸತ್ತುಬಿದ್ದರೆ ಫಾರೆಸ್ಟಿನವರು ತನ್ನ ಮೇಲೇ ಕೇಸು ಹಾಕಿಯಾರೆಂಬ ಭಯ. ಆದ್ದರಿಂದ ಕದ್ದು ಹುಗಿಯುತ್ತಾರೆ, ಇಲ್ಲ ಹಳ್ಳಕ್ಕೆ ಎಸೆಯುತ್ತಾರೆ. ನಾವು ಮೊದಲು ಸುಮ್ಮನೆ ಅರಿವು ಮೂಡಿಸುತ್ತಿದ್ದೆವು. ಜನಕ್ಕೆ ಅರಿವು ಇತ್ತು, ಬೇಕಾಗಿದ್ದದ್ದು ಧೈರ್ಯ. ಅರಣ್ಯ ಇಲಾಖೆಯ ಉಪವಲಯ ಅಧಿಕಾರಿಯೊಬ್ಬರನ್ನು ಊರ ಸಭೆಗೆ ಕರೆತಂದು, ಸತ್ತ ಮಂಗದ ಸುದ್ದಿ ಕೊಟ್ಟವರನ್ನು ಯಾರೂ ಪೀಡಿಸುವುದಿಲ್ಲವೆಂದು ಅವರ ಬಾಯಲ್ಲೇ ಹೇಳಿಸಿದ ಮೇಲೆ ಆ ಭಾಗದಿಂದ ಫೋನ್ ಬರತೊಡಗಿತು.

ಯಾರು ಫೋನ್ ಮಾಡುತ್ತಾರೆ ಎಂಬುದೂ ಮುಖ್ಯ. ಊರಿನ ಹಿರಿಯರು, ಪಂಚಾಯಿತಿ ಸದಸ್ಯರು ಸುದ್ದಿ ತರುವವರಲ್ಲ, ಅವರಿಗೆ ಸುದ್ದಿ ತಲುಪುವುದೇ ಕೊನೆಗೆ. ನನಗೆ ಅತಿ ಬೇಗ ಹೇಳಿದವರು ಕೊನೆಗೌಡರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು. ಅಡಿಕೆ ಮರದ ತುದಿಯಲ್ಲಿ ಕೂತವನಿಗೆ ತೋಟದಾಚೆಯ ಬೆಟ್ಟವೆಲ್ಲ ಕಾಣುತ್ತದೆ, ಒಂದು ಮುಸಿಯ ಕುಂಟುತ್ತಿದೆಯೋ ಗುಂಪು ಬಿಟ್ಟು ಒಂದೇ ಕೂತಿದೆಯೋ ಅವನಿಗೇ ಮೊದಲು ಗೊತ್ತು. ಸುಸ್ತಾಗಿ, ಮರ ಹತ್ತಲಾರದೆ, ನೆಲದಲ್ಲಿ ತೂಕಡಿಸುತ್ತ ಕೂತ ಮಂಗ ಸತ್ತ ಮಂಗಕ್ಕಿಂತ ಬೆಲೆಬಾಳುವ ಸುದ್ದಿ. ಆಮೇಲೆ ಅರಣ್ಯದ ವಾಚರ್‌ಗಳು, ಜೇನು ಕೀಳುವವರು, ಮುಂಜಾನೆ ಡೇರಿಯಲ್ಲಿ ಹಾಲು ಅಳೆಯುವ ಹುಡುಗ. ಇವರನ್ನೆಲ್ಲ ಸೇರಿಸಿ ವಾಟ್ಸಾಪ್ ಗುಂಪು ಮಾಡಿದ್ದೇವೆ, ಆಶಾ ಕಾರ್ಯಕರ್ತೆಯರೂ ಆರೋಗ್ಯ ಕೇಂದ್ರದ ಡಾಕ್ಟರೂ ಇದ್ದಾರೆ. ಗುಡ್ ಮಾರ್ನಿಂಗ್ ಚಿತ್ರ ಹಾಕಿದವರನ್ನು ಹೊರಗೆ ಹಾಕುವುದು ನನ್ನದೇ ಕೆಲಸ. ಕಾನಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ. ದಿಬ್ಬ ಹತ್ತಿದ ಮೇಲೆ ಫೋಟೋ ಬರುತ್ತದೆ. ಪರವಾಗಿಲ್ಲ, ಅದೇ ದಿನ ಬಂದರೆ ಸಾಕು.

ಫೋಟೋ ನೋಡಿದರೆ ಅರ್ಧ ತಿಳಿಯುತ್ತದೆ. ಕರೆಂಟ್ ತಂತಿಯ ಕೆಳಗೆ ಬಿದ್ದು, ಅಂಗೈ ಸುಟ್ಟಿದ್ದರೆ ಶಾಕ್. ಕತ್ತು ಕಚ್ಚಿದ್ದರೆ ನಾಯಿ. ಆದರೂ ಹಂಗಾಮಿನಲ್ಲಿ ಯಾವುದನ್ನೂ ಹಾಗೇ ಬಿಡುವುದಿಲ್ಲ. ಹೋಗುವಾಗ ಫಾರೆಸ್ಟಿನವರು ಜೊತೆಗಿರಲೇಬೇಕು, ವನ್ಯಜೀವಿಯ ಹೆಣ ನಾನೊಬ್ಬನೇ ಮುಟ್ಟುವಂತಿಲ್ಲ. ಮೈತುಂಬ ಕವಚ, ಎರಡು ಜೊತೆ ಕೈಗವಸು, ಗಂಬೂಟು, ಕವಚ ಮತ್ತು ಬೂಟು ಸೇರುವಲ್ಲಿ ಅಗಲ ಟೇಪು. ಮೊದಲು ಹೆಣದ ಹತ್ತಿರದ ದಾರಿಗೆ ಮಾಲಾಥಿಯಾನ್ ಕೀಟನಾಶಕ ಪುಡಿ ಎರಚಿಕೊಂಡೇ ಮುಂದೆ ಹೋಗುತ್ತೇವೆ. ಹೊಸ ಹೆಣವಾದರೆ ಮಿದುಳು, ಹೃದಯ, ಶ್ವಾಸಕೋಶ, ಯಕೃತ್ತು, ಮೂತ್ರಪಿಂಡದ ತುಣುಕು ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ. ಹುಳ ಬಿದ್ದು ಕೊಳೆತದ್ದಾದರೆ ಕೊಯ್ದು ಪ್ರಯೋಜನವಿಲ್ಲ. ಕೆಎಫ್‌ಡಿ ವೈರಸ್ ಲ್ಯಾಬಿನೊಳಗೆ ಕೆಲಸ ಮಾಡುವವರಿಗೇ ಎಷ್ಟೋ ಸಲ ತಗುಲಿದೆ, ಬೆಟ್ಟದಲ್ಲಿ ಮಂಡಿಯೂರಿ ಕೊಯ್ಯುವವನು ಹುಷಾರಾಗಿರಬೇಕು. ಆಮೇಲೆ ಹೆಣವನ್ನು ಅಲ್ಲೇ ಸೌದೆ ಹಾಕಿ ಪೂರ್ತಿ ಸುಟ್ಟು, ಸುತ್ತ 50 ಮೀಟರ್ ಶೇ 5ರ ಮಾಲಾಥಿಯಾನ್ ಪುಡಿ. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ತರಗೆಲೆಯ ಮೇಲೆ ಎಳೆದು ಉಣುಗು ಹಿಡಿಯುವ ಕೆಲಸ ಆರೋಗ್ಯ ಇಲಾಖೆಯವರದು. ಮೊದಲ ಸಲ ನೋಡಿದವರು ಇವರೆಲ್ಲ ಕಾಡು ಒರೆಸಲು ಬಂದವರು ಎಂದುಕೊಳ್ಳುತ್ತಾರೆ.

ಸುಡುವುದರಲ್ಲಿ ಒಂದು ತೊಡಕಿದೆ. ಸಿದ್ದಾಪುರದ ಕಡೆಯ ಒಂದು ಕೇರಿಯಲ್ಲಿ ನಾವು ಹೋಗುವಷ್ಟರಲ್ಲಿ ಸತ್ತ ಮಂಗಕ್ಕೆ ಕುಂಕುಮ ಹಚ್ಚಿ, ಬಿಳಿ ಪಂಚೆ ಹೊದಿಸಿ, ತೆಂಗಿನಕಾಯಿ ಇಟ್ಟಿದ್ದರು. ಮಕ್ಕಳು ಸುತ್ತ ಕೂತಿದ್ದವು. "ಹನ್ಮಪ್ಪ ಅದು ಡಾಕ್ಟ್ರೇ, ಹಂಗೆಲ್ಲ ಕೊಯ್ದು ಸುಡೂಕೆ ಆಗುದಿಲ್ಲ" ಎಂದರು ಊರ ಯಜಮಾನರು. ಗದರಿಸಿದ್ದರೆ ಅಂದಿಗೆ ಕೆಲಸ ಆಗುತ್ತಿತ್ತು, ಮುಂದೆ ಆ ಕೇರಿಯಿಂದ ಒಂದು ಸುದ್ದಿಯೂ ಬರುತ್ತಿರಲಿಲ್ಲ. ಮೊದಲು ಮಕ್ಕಳನ್ನು ದೂರ ಕಳಿಸಿ ಎಂದು ಕೇಳಿಕೊಂಡೆ. ಹೆಣದ ಕಿವಿ ಹತ್ತಿರ ಉಣುಗು ಹರಿಯುತ್ತಿದ್ದದ್ದನ್ನು ಯಜಮಾನರಿಗೆ ತೋರಿಸಿದೆ, ಪಂಚೆಯ ಮೇಲೂ ಎರಡು ಮೂರು ಹತ್ತಿದ್ದವು. ಅವರೇ ಎರಡು ಹೆಜ್ಜೆ ಹಿಂದೆ ಸರಿದರು. ಮನುಷ್ಯರನ್ನೂ ಸುಡುತ್ತೇವಲ್ಲ ಯಜಮಾನ್ರೇ, ಇದಕ್ಕೂ ಸಂಸ್ಕಾರ ಎಂದುಕೊಳ್ಳಿ, ಬೆಂಕಿ ನಾನು ಕೊಡುತ್ತೇನೆ, ಪೂಜೆ ಆಚೆ ದಿಬ್ಬದಲ್ಲಿ ಮಾಡಿ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಸೌದೆ ಅವರೇ ತಂದರು. ಹೆಣ ಮುಟ್ಟಿದವರ ಪಟ್ಟಿ ಮಾಡಿ ಆರೋಗ್ಯ ಕೇಂದ್ರಕ್ಕೆ ಕೊಟ್ಟೆವು. ಕಚ್ಚಿದ ಮೇಲೆ ಜ್ವರ ಕಾಣಲು ಮೂರರಿಂದ ಎಂಟು ದಿನ, ಅಷ್ಟು ದಿನ ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ನೋಡಿದರು. ಆ ಕೇರಿಯಿಂದ ಈಗಲೂ ನನಗೆ ಫೋನ್ ಬರುತ್ತದೆ, ಈಗ ಕುಂಕುಮ ಹಚ್ಚುವ ಮೊದಲೇ.

ಪ್ರಯೋಗಾಲಯದ ಫಲಿತಾಂಶಕ್ಕೆ ಕಾಯುವುದಿಲ್ಲ. ಮಂಗ ಸತ್ತ ಜಾಗದ ಸುತ್ತಲ ಮನೆಗಳ ಕೊಟ್ಟಿಗೆಗೆ ಮರುದಿನವೇ ಹೋಗುತ್ತೇನೆ. ಇದರ ಜೊತೆಗೆ ಆರೋಗ್ಯ ಕೇಂದ್ರದ ಡಾಕ್ಟರ್ ಮತ್ತು ನಾನು ಒಂದು ಒಪ್ಪಂದ ಮಾಡಿಕೊಂಡಿದ್ದೇವೆ: ಅವರಿಗೆ ಅನುಮಾನದ ಜ್ವರ ಬಂದರೆ ಆ ಮನೆಯ ಕೊಟ್ಟಿಗೆ, ಬೆಟ್ಟ ನಾನು ನೋಡುತ್ತೇನೆ, ನನಗೆ ಮಂಗದ ಸುದ್ದಿ ಬಂದರೆ ಆ ಊರಿನ ಜ್ವರ ಅವರು ನೋಡುತ್ತಾರೆ. ಒನ್ ಹೆಲ್ತ್ (ಜನ, ಪ್ರಾಣಿ, ಪರಿಸರದ ಆರೋಗ್ಯ ಒಂದೇ) ಎಂದು ದೊಡ್ಡ ಸಭೆಗಳಲ್ಲಿ ಹೇಳುವುದು ನಮ್ಮ ಮಟ್ಟದಲ್ಲಿ ಇಷ್ಟೇ, ಒಬ್ಬರ ನಂಬರ್ ಇನ್ನೊಬ್ಬರ ಹತ್ತಿರ ಇರುವುದು. ಮೇಲೆ ಮೂರು ಇಲಾಖೆಗೆ ಮೂರು ರಿಜಿಸ್ಟರ್ ಇದೆ, ಮೂರರಲ್ಲಿ ಮಂಗಗಳ ಲೆಕ್ಕ ಮೂರು ಥರ. ಒಂದು ವರ್ಷ ಮಾಲಾಥಿಯಾನ್ ಕೇಳಿ ಬರೆದ ಪತ್ರ ಮೇಜಿನಿಂದ ಮೇಜಿಗೆ ತಿರುಗಿ, ಪುಡಿ ಬಂದಾಗ ಮೇ ತಿಂಗಳ ಅಡ್ಡಮಳೆ ಸುರಿಯುತ್ತಿತ್ತು. ಅಂದಿನಿಂದ ಆಗಸ್ಟ್‌ನಲ್ಲೇ ಕೇಳುತ್ತೇನೆ, ಆಗ ಸಿಗುತ್ತದೆ.

ಮಂಗನ ಕಾಯಿಲೆಯ ಗದ್ದಲದಲ್ಲಿ ರೇಬೀಸ್ ಹಿಂದೆ ಬೀಳುತ್ತದೆ. ಅದು ಹಿಂದೆ ಬೀಳಬಾರದು, ಬಂದರೆ ಬದುಕುವ ಮಾತೇ ಇಲ್ಲ. ನಾಯಿ ಕಚ್ಚಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಹಸುವಿನ ರೇಬೀಸ್ ಗೊತ್ತಾಗುವುದಿಲ್ಲ. ಕುಮಟಾ ಕಡೆಯ ಒಂದು ಮನೆಯಿಂದ ಕರೆ ಬಂದಿತ್ತು, ಹಸು ಹುಲ್ಲು ಮುಟ್ಟುತ್ತಿಲ್ಲ, ಜೊಲ್ಲು ಸುರಿಯುತ್ತಿದೆ, ಗಂಟಲಲ್ಲಿ ಮಾವಿನ ಗೊರಟು ಸಿಕ್ಕಿರಬೇಕು ಎಂದು. ಮೇ ತಿಂಗಳು, ಗೊರಟು ಸಿಕ್ಕುವುದು ನಿಜವೇ. ನಾನು ಹೋಗುವಷ್ಟರಲ್ಲಿ ಯಜಮಾನ ಬಾಯೊಳಗೆ ಮೊಣಕೈವರೆಗೆ ಕೈ ಹಾಕಿ ಹುಡುಕಿದ್ದ, ಅವನ ತಮ್ಮ ಗೊಟ್ಟದಲ್ಲಿ (ಔಷಧಿ ಕುಡಿಸುವ ಕೊಳವೆಯಲ್ಲಿ) ಕಷಾಯ ಹೊಯ್ದಿದ್ದ. ಹಸು ಕೂಗಿತು. ಆ ದನಿ ಕೇಳಿದ್ದೇ ನಾನು ಬಾಗಿಲಲ್ಲೇ ನಿಂತೆ: ಒಡಕು, ತಗ್ಗು, ನಡುವೆ ಗಾಳಿ ಸೋರಿದಂಥ ಕೂಗು. ಹಿಂಗಾಲು ಓಲಾಡುತ್ತಿತ್ತು, ಸಗಣಿ ಬಾರದೆ ಸುಮ್ಮನೆ ತಿಣುಕುತ್ತಿತ್ತು. ಕೆಲವು ವಾರದ ಹಿಂದೆ ನಾಯಿಯೊಂದು ಬೇಣದಲ್ಲಿ ದನಕರುಗಳನ್ನು ಅಟ್ಟಿತ್ತೆಂದು ಆಮೇಲೆ ಕೇಳಿದಾಗ ಮನೆಯವರಿಗೆ ನೆನಪಾಯಿತು. ಗಂಟಲು ಪಾರ್ಶ್ವವಾಯುವಾಗಿ ನುಂಗಲಾಗದೆ ಜೊಲ್ಲು ಸುರಿದದ್ದು, ಗೊರಟಿನಿಂದಲ್ಲ.

ಆಮೇಲಿನ ಕೆಲಸ ಹಸುವಿನದ್ದಲ್ಲ, ಮನುಷ್ಯರದ್ದು. ಯಾರು ಬಾಯಿಗೆ ಕೈ ಹಾಕಿದರು, ಯಾರು ಹಗ್ಗ ಹಿಡಿದರು, ಯಾರ ಕೈಯಲ್ಲಿ ಗೀರು ಇದೆ. ಆಗಲೇ ಬಚ್ಚಲಿಗೆ ಕಳಿಸಿ ಸೋಪು ನೀರಲ್ಲಿ ಹದಿನೈದು ನಿಮಿಷ ಕೈ ತೊಳೆಸಿ, ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ, ಡಾಕ್ಟರಿಗೆ ನಾನೇ ಫೋನ್ ಮಾಡಿ ವಿಷಯ ತಿಳಿಸಿದೆ. ಬರೀ "ಹಸು ಮುಟ್ಟಿದೆ" ಎಂದು ಹೋದರೆ ಸಾಲಿನಲ್ಲಿ ಕೂರಿಸುತ್ತಾರೆ. ಹಾಲಿನ ಪ್ರಶ್ನೆ ಎಲ್ಲರದ್ದೂ: ಕಾಯಿಸಿದ ಹಾಲಿಗೆ, ಚಹಾಕ್ಕೆ ಹೆದರಬೇಕಿಲ್ಲ, ಹಸಿ ಹಾಲು ಕುಡಿದವರು ಡಾಕ್ಟರಿಗೆ ಹೇಳಲಿ. ನಾನು ಮುಂಜಾಗ್ರತೆಯ ಲಸಿಕೆ ಹಾಕಿಸಿಕೊಂಡಿದ್ದೇನೆ. ನನ್ನ ಜೊತೆ ಬರುವ ಡಿ ಗ್ರೂಪ್ ಸಿಬ್ಬಂದಿಗೂ ಹಾಕಿಸಿದ್ದೇನೆ. ಹಗ್ಗ ಹಿಡಿಯುವವನು ಅವನು, ಜೊಲ್ಲು ಬೀಳುವುದೂ ಅವನ ಮೇಲೇ. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಯಾರು ಫೋನ್ ಮಾಡಿದರೂ ನಾನು ಹೇಳುವ ಮೊದಲ ಮಾತು, ನಾನು ಬರುವ ತನಕ ಬಾಯಿಗೆ ಕೈ ಹಾಕಬೇಡಿ.

ಹಸು ಕಂದು ಹಾಕುವಂತೆ (ಗರ್ಭಪಾತವಾಗುವಂತೆ) ಮಾಡಿ ಮನುಷ್ಯರಿಗೂ ಹರಡುವ ಬ್ರುಸೆಲ್ಲೋಸಿಸ್ ಬಗ್ಗೆ ಎರಡೇ ಮಾತು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿದ ಹಸುವಿನ ಕಸ (ಮಾಸು) ಬರಿಗೈಯಲ್ಲಿ ಎಳೆಯಬೇಡಿ, ಅದನ್ನು ಸುಣ್ಣ ಹಾಕಿ ಆಳಕ್ಕೆ ಹುಗಿಯಿರಿ, ನಾಯಿಗೆ ಹಾಕಬೇಡಿ. ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಜೀವಮಾನಕ್ಕೆ ಒಂದೇ ಸಲ ಲಸಿಕೆ, 2019ರಿಂದ ಕೇಂದ್ರದ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆಯಂತೆ ಇದೂ ಪುಕ್ಕಟೆ. ಆ ಲಸಿಕೆಯಲ್ಲಿರುವುದು ಜೀವಂತ ರೋಗಾಣು. ಸೂಜಿ ನಮ್ಮ ಬೆರಳಿಗೆ ಚುಚ್ಚಿದರೆ ನಮಗೇ ಬರಬಹುದು, ತಿಂಗಳುಗಟ್ಟಲೆ ಬಿಟ್ಟುಬಿಟ್ಟು ಜ್ವರ, ಕೀಲುನೋವು. ಆದ್ದರಿಂದ ಒದೆಯುವ ಕರುವಿಗೆ ಒಬ್ಬನೇ ಲಸಿಕೆ ಹಾಕಲು ನಾನು ಹೋಗುವುದಿಲ್ಲ, ಎಷ್ಟೇ ಅವಸರವಿದ್ದರೂ.

ಹೊಸದಾಗಿ ಈ ಭಾಗಕ್ಕೆ ಬರುವ ಪಶುವೈದ್ಯರು ಕೇಳಿದರೆ ಮೊದಲ ಮಳೆಗಾಲ ಸುಮ್ಮನೆ ಸಂಜೆ ಕೊಟ್ಟಿಗೆ ತಿರುಗಿ ಎನ್ನುತ್ತೇನೆ. ಯಾರ ಗಿಡ್ಡ ಯಾವ ಬೆಟ್ಟಕ್ಕೆ ಹೋಗುತ್ತದೆ, ಯಾವ ಬೇಣ ಯಾರದ್ದು, ಕೊನೆಗೌಡರು ಯಾವ ತೋಟದಿಂದ ಯಾವ ತೋಟಕ್ಕೆ ಹೋಗುತ್ತಾರೆ, ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಫೋನ್ ಬಂದಾಗ "ಎಲ್ಲಿ ಅದು?" ಎಂದು ಕೇಳುವಂತಿರಬಾರದು. ಈ ವರ್ಷ ನನ್ನ ಪಟ್ಟಿಯಲ್ಲಿ ಉಳಿದಿರುವುದು ಘಟ್ಟದ ಕೆಳಗಿನ ಎರಡು ಕೇರಿ, ಅಲ್ಲಿ ಗಿಡ್ಡಗಳು ವಾರಗಟ್ಟಲೆ ಕಾಡಿನಲ್ಲೇ ಇದ್ದು ಮನೆಗೇ ಬರುವುದಿಲ್ಲ. ಕಾಡಿನ ಹುಳಿಹಣ್ಣು ಉಪ್ಪಾಗೆ ಕೊಯ್ಯಲು ಕಾನಿಗೆ ಹೋಗುವವರನ್ನು ಹಿಡಿದು, ದನಗಳು ಎಲ್ಲಿ ಮಲಗುತ್ತವೆಂದು ಕೇಳಿದ್ದೇನೆ; ಒಬ್ಬರು ಉಪ್ಪು ಇಟ್ಟು ಕರೆದರೆ ಬರುತ್ತವೆ ಎಂದಿದ್ದಾರೆ. ಪುನರ್ವಸು ಮಳೆ ಸ್ವಲ್ಪ ಬಿಡುವು ಕೊಟ್ಟರೆ ಉಪ್ಪಿನ ಚೀಲ, ಫ್ಲುಮೆಥ್ರಿನ್ ಎರಡನ್ನೂ ತೆಗೆದುಕೊಂಡು ಅಲ್ಲಿಗೆ ಹೊರಡಬೇಕು.